ಕಂಟ್ರೋಲರ್ ಮನೆಯ ಕಪ್ಪು ಕಾಂಟೆಸ್ಸಾ

ನಾಗರ ಪಂಚಮಿ ಹಬ್ಬ ಶುರುವಾಗುವ ರೊಟ್ಟಿ ಪಂಚಮಿಯ ದಿನ, ಬೆಳಗಿನ ಆರು ಗಂಟೆ. ಸ್ಥಳ, ರಂಗಂಪೇಟೆಯ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಂಕ್ರಮ್ಮ, ಮತ್ತು ಒಂದು ಕಪ್ಪು ಕಾಂಟೆಸ್ಸಾ ಕಾರು. ಹಾಜರಿರಬೇಕಾಗಿದ್ದು ಇನ್ನೂ ಬಾರದವನು: ಮೆಕ್ಯಾನಿಕ್ ಮಹಿಬೂಬ. ಹೀಗೆ ದಿನ, ಹೊತ್ತು, ಹಾಜರಿ ಹೇಳದೆ ನನಗೆ ಯಾವ ಮಾತನ್ನೂ ಶುರು ಮಾಡಲು ಬರುವುದಿಲ್ಲ. ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಜಾಲಿಯ ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಯಾವಾಗ ಹೊರಡಬೇಕೆಂದು ಹೇಳುವುದು, ಹೊರಡದಿದ್ದರೆ ಎದ್ದು ಬಂದು ಸೀಟಿ ಊದುವುದು, ಇಷ್ಟೇ ನನ್ನ ಬದುಕು. ನನ್ನ ಸೀಟಿ ಕೇಳಿ ಚಹಾದ ಕಪ್ಪು ಅರ್ಧಕ್ಕೇ ಇಟ್ಟು ಓಡಿಬಂದ ಚಾಲಕರೆಷ್ಟೋ. ಬರುವ ಬಸ್ಸಿನ ಸದ್ದು ಕೇಳಿಯೇ ಅದರ ಸ್ಪ್ರಿಂಗಿನ ಯಾವ ಪಟ್ಟಿ ಮುರಿದಿದೆ ಎಂದು ಹೇಳಬಲ್ಲವನು ನಾನು. ಗಾಡಿಗಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆಗಿತ್ತು ಎಂದು ಯಾಕೆ ಬರೆದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಶಿಸ್ತಿನ ಮನುಷ್ಯ ನಿವೃತ್ತನಾದರೆ ಅವನ ಶಿಸ್ತು ನಿವೃತ್ತವಾಗುವುದಿಲ್ಲ, ಮನೆಗೆ ವರ್ಗವಾಗಿ ಬರುತ್ತದೆ. ನಾನು ಮೊದಲ ವಾರವೇ ಸ್ನಾನಕ್ಕೆ, ಚಹಾಕ್ಕೆ, ಊಟಕ್ಕೆ ವೇಳೆ ಗೊತ್ತುಮಾಡಿದೆ. ರೊಟ್ಟಿ ತಡವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಒಂದು ದಿನ ಕೈ ತಪ್ಪಿ ಸೀಟಿಯನ್ನೂ ಊದಿದೆ. ಶಂಕ್ರಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು, "ಇದು ಬಸ್ ಸ್ಟ್ಯಾಂಡ್ ಅಲ್ರಿ, ನಾ ಪ್ಯಾಸೆಂಜರೂ ಅಲ್ಲ. ನಿಮಗ ಬಿಡಾಕ ಒಂದು ಗಾಡಿ ಬೇಕಂದ್ರ ಎಲ್ಲ್ಯಾರ ಹುಡುಕ್ಯೊಂಡು ಬರ್ರಿ," ಎಂದಳು. ಆಕೆ ಸಿಟ್ಟಿಗೆ ಹೇಳಿದ್ದನ್ನು ನಾನು ಮಂಜೂರಾತಿ ಎಂದು ತಿಳಿದೆ.

ಗಾಡಿ ಸಿಕ್ಕಿದ್ದು ನಾರಾಯಣಪುರದಲ್ಲಿ. ನೆಂಟರ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಹೋದವನು ಊಟವಾದ ಮೇಲೆ ಕಾಲಾಡಿಸಲು ಹೊರಟೆ. ಅಣೆಕಟ್ಟೆಯ ಕ್ವಾರ್ಟರ್ಸ್ ದಾಟಿ ಸ್ವಲ್ಪ ದೂರದಲ್ಲಿ, ಹಿಂದೆ ದೊಡ್ಡ ಗುತ್ತಿಗೆದಾರರೊಬ್ಬರದಾಗಿದ್ದ ತಗಡಿನ ಶೆಡ್ಡಿನಲ್ಲಿ ಅದು ನಿಂತಿತ್ತು. ನನಗೆ ಕೂಡಲೇ ಗುರುತು ಸಿಕ್ಕಿತು. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಅದೇ ಕಾರು ನಮ್ಮ ನಿಲ್ದಾಣದ ಮುಂದೆ ಹಾದುಹೋಗುತ್ತಿತ್ತು. ಪೈಲ್ವಾನನ ಭುಜದಂಥ ಅಗಲ ಮೈ, ಉದ್ದ ಮೂತಿ, ಎದೆಯೊಳಗಿಂದ ಬರುವ ಗುರುಗುಟ್ಟುವ ಸದ್ದು. ಅದು ಬಂದರೆ ನಮ್ಮ ಕೆಂಪು ಬಸ್ಸುಗಳು ಸೊಂಡಿಲು ಮಡಿಚಿದ ಆನೆಗಳಂತೆ ಕಾಣುತ್ತಿದ್ದವು. ಈಗ ಅದರ ಟೈರುಗಳಲ್ಲಿ ಗಾಳಿಯಿರಲಿಲ್ಲ, ಒಂದು ಕಣ್ಣು ಹೋಗಿತ್ತು, ಹಿಂದಿನ ಸೀಟಿನಲ್ಲಿ ಬೆಕ್ಕೊಂದು ಸಂಸಾರ ಹೂಡಿತ್ತು. ಕೊಡುವವರು ಎಷ್ಟು ಬೇಗ ಒಪ್ಪಿದರೆಂದರೆ, ನಾನು ಮನಸ್ಸು ಬದಲಿಸುವ ಮೊದಲು ತಾವೇ ಶೆಡ್ಡಿನ ಬಾಗಿಲು ಕಿತ್ತು ಅಗಲ ಮಾಡಿಕೊಟ್ಟರು.

ಸಗರದಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ಹೆಂಡತಿಯ ತಮ್ಮ ಭೀಮರಾಯ, ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ರಂಗಂಪೇಟೆಗೆ ಎಳೆದು ತಂದ. ಶಂಕ್ರಮ್ಮ ಬಾಗಿಲಿಗೆ ಬಂದು ಸುತ್ತ ಒಂದು ಸಲ ನೋಡಿದಳು. "ಎಮ್ಮಿ ತಂದಾರ," ಎಂದಳು, ಒಳಗೆ ಹೋದಳು. ಅಂದಿನಿಂದ ಅದಕ್ಕೆ ಅದೇ ಹೆಸರು. ಕಪ್ಪಗಿದೆ, ಅಂಗಳ ತುಂಬ ಇದೆ, ಎದ್ದೇಳುವುದಿಲ್ಲ, ದಿನಾ ಏನಾದರೊಂದು ತಿನ್ನುತ್ತದೆ. ಖರೇ ಎಮ್ಮೆಯಾಗಿದ್ದರೆ ಸಗಣಿ ಕುಳ್ಳಿಗಾದರೂ ಆಗುತ್ತಿತ್ತು, ಇದು ಬರೀ ಎಣ್ಣೆ ಸೋರುತ್ತದೆ ಎಂಬುದು ಆಕೆಯ ತಕರಾರು. ಆದರೆ ಬೇಸಿಗೆ ಬಂದಾಗ ಆಕೆ ಒಂದು ಗುಣ ಕಂಡುಹಿಡಿದಳು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಚೆನ್ನಾಗಿ ಕಾಯುವ ಬಾನೆಟ್ಟು ಇಡೀ ಓಣಿಯಲ್ಲಿ ಇನ್ನೊಂದಿರಲಿಲ್ಲ. ಸಂಡಿಗೆ ಒಂದೇ ಬಿಸಿಲಿಗೆ ಗರಿಗರಿಯಾಗುತ್ತಿದ್ದವು. ಓಣಿಯ ಹೆಂಗಸರು ಸರದಿ ಹಚ್ಚಿದರು. ಎಂಜಿನ್ ನೋಡಬೇಕಾದರೆ ಮಹಿಬೂಬನೂ ನಾನೂ ಯಾರ ಮನೆಯ ಹಪ್ಪಳ ಎಂದು ವಿಚಾರಿಸಿ, ಅವರ ಒಪ್ಪಿಗೆ ಪಡೆದು ಬಾನೆಟ್ಟು ಎತ್ತಬೇಕಾಯಿತು.

ಮಹಿಬೂಬ ಸುರಪುರದವನು, ಕೈ ಒಳ್ಳೆಯದು, ಗಡಿಯಾರ ಮಾತ್ರ ಇಲ್ಲ. ನಾನು ಅಂಗಳದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಕೆಲಸದ ವೇಳಾಪಟ್ಟಿ ಬರೆದೆ: ಸೋಮವಾರ ಬ್ರೇಕು, ಮಂಗಳವಾರ ರೇಡಿಯೇಟರು, ಹೀಗೆ. ಅವನು ಅದನ್ನು ಬಹಳ ಗೌರವದಿಂದ ಓದಿ, ಅದರ ಮೇಲೆಯೇ ಮೊಳೆ ಹೊಡೆದು ತನ್ನ ಅಂಗಿ ತೂಗುಹಾಕಿದ. ಎಷ್ಟು ಕೆಲಸ ಉಳಿದಿದೆ ಎಂದು ಯಾವಾಗ ಕೇಳಿದರೂ, "ಥೋಡಾ ಅದ ಸಾಹೇಬ್ರ," ಸ್ವಲ್ಪವೇ ಇದೆ, ಎನ್ನುತ್ತಿದ್ದ. ಎಂಜಿನ್ ಪೂರಾ ಬಿಚ್ಚಿ ಗೋಣಿತಟ್ಟಿನ ಮೇಲೆ ಹರವಿದಾಗಲೂ ಥೋಡಾ ಇತ್ತು, ಮತ್ತೆ ಜೋಡಿಸಿದ ಮೇಲೂ ಥೋಡಾ ಇತ್ತು. ಜೋಡಿಸಿದ ಮೇಲೆ ಒಂದು ಬೊಗಸೆ ನಟ್ಟು ಬೋಲ್ಟು ಉಳಿದವು. ವಯಸ್ಸಾದ ಗಾಡಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ ಎಂದು ಅವನು ಸಮಾಧಾನ ಹೇಳಿದ. ಅದರಲ್ಲಿನ ದೊಡ್ಡ ಬೋಲ್ಟಿನಿಂದ ಶಂಕ್ರಮ್ಮ ಇಂದಿಗೂ ಬೆಳ್ಳುಳ್ಳಿ ಜಜ್ಜುತ್ತಾಳೆ. ಆ ಕಾರಿನಲ್ಲಿ ಮೊದಲು ಉಪಯೋಗಕ್ಕೆ ಬಂದ ಭಾಗ ಅದೇ.

ಬಿಡಿಭಾಗಗಳಿಗಾಗಿ ತಿರುಗಿದ್ದನ್ನು ಬರೆಯಲು ಹೋದರೆ ಓದುವವರಿಗೆ ಬಸ್ಸು ತಪ್ಪುತ್ತದೆ. ಎರಡೇ ಹೇಳುತ್ತೇನೆ. ಯಾದಗಿರಿಯ ಗುಜರಿ ಅಂಗಡಿಯಲ್ಲಿ ಇಡೀ ದಿನ ಹುಡುಕಿಯೂ ಮುಂದಿನ ಸೀಟು ಸಿಗಲಿಲ್ಲ. ಕಡೆಗೆ ಅಂಗಡಿಯವರು ಪಾನ್ ಉಗುಳಲು ಎದ್ದಾಗ ಕಂಡಿತು, ಅವರು ಕೂತದ್ದೇ ಅದರ ಮೇಲೆ. ಅವರಿಗೆ ಬೇರೊಂದು ಆಸನ, ಅದೂ ಬೆನ್ನಿಗೆ ಆನಿಕೆಯಿರುವುದು, ಕೊಡಿಸಿದ ಮೇಲೆ ಎದ್ದರು. ಬದಿಯ ಕನ್ನಡಿ ಇದ್ದದ್ದು ಶಹಾಪುರದ ಒಂದು ಕ್ಷೌರದ ಅಂಗಡಿಯಲ್ಲಿ, ಗಿರಾಕಿಗೆ ಹಿಂದಲೆ ತೋರಿಸಲು. ಕೊಡಿ ಎಂದರೆ ಆತ, ಮೊದಲು ಕೂತುಕೊಳ್ಳಿ ಎಂದ. ಕನ್ನಡಿಯ ಆಸೆಗೆ ನಾನು ಹೋದಾಗಲೆಲ್ಲ ಕಟಿಂಗ್ ಮಾಡಿಸಿಕೊಂಡೆ. ತಲೆಯ ಮೇಲೆ ಕತ್ತರಿಗೆ ಸಿಗುವಂಥದ್ದು ಏನೂ ಉಳಿಯದಾದಾಗ, ಹಿಂದಲೆಯಲ್ಲಿ ತೋರಿಸುವುದೇನೂ ಇಲ್ಲವೆಂದು ಆತನಿಗೇ ಅನಿಸಿ ಬಿಚ್ಚಿಕೊಟ್ಟ.

ಇಷ್ಟಾದರೂ ಅವಸರವಿರಲಿಲ್ಲ. ಅವಸರ ಬಂದದ್ದು ಹೋದ ವರ್ಷದ ಪಂಚಮಿಯಿಂದ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರಬೇಕು, ಅದಕ್ಕೆ ವಯಸ್ಸಿನ ರಿಯಾಯಿತಿ ಇಲ್ಲ. ಭೀಮರಾಯ ಹೋದ ವರ್ಷ ಟ್ರ್ಯಾಕ್ಟರ್ ತಂದಿದ್ದ. ಮಳೆ ಹನಿಯುತ್ತಿತ್ತು. ಅರವತ್ತು ದಾಟಿದ ಶಂಕ್ರಮ್ಮ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು, ಶೇಂಗಾ ಉಂಡಿಯ ಡಬ್ಬಿ ತಬ್ಬಿಕೊಂಡು ಟ್ರೇಲರ್ ಹತ್ತಿ ಕೂತಳು. ಕೂತವಳು ಎಮ್ಮೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಊರ ಹೆಣ್ಣಮಕ್ಕಳನ್ನೆಲ್ಲ ತವರಿಗೆ ಕಳಿಸಿದ್ರಿ. ನಿಮ್ಮ ಹೇಣ್ತಿ ನೋಡ್ರಿ, ಗೊಬ್ಬರದ ಚೀಲ ಹೊತ್ಕೊಂಡು ಹೊಂಟಾಳ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ನಗುತ್ತ ಹೇಳಿದಳು. ನಾನು ಮಳೆಯಲ್ಲೇ ಅಂಗಳಕ್ಕಿಳಿದು, ಬರುವ ಪಂಚಮಿಗೆ ಇದೇ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ, ಸಗರಕ್ಕೆ ಕರೆದೊಯ್ಯುತ್ತೇನೆ ಎಂದು ಘೋಷಿಸಿದೆ. ಭೀಮರಾಯ ಕೂಡಲೇ ಕರಾರು ಹಾಕಿದ. "ಆಗಲಿಲ್ಲಂದ್ರ ನಾ ಎಳಕೊಂಡು ಹೋಗ್ತೀನಿ ಮಾವಾರ. ನಮ್ಮ ಕೋಳಿಗೊಳಿಗೆ ಗೂಡಿಲ್ಲ." ಆಕೆ ಟ್ರೇಲರಿನ ಮೇಲಿಂದಲೇ ಒಪ್ಪಿಗೆ ಕೊಟ್ಟಳು. ಒಂದು ಕಾಲಕ್ಕೆ ಬಸ್ಸುಗಳನ್ನು ನಾಚಿಸಿದ ಕಾರು, ಕೋಳಿಗೂಡು! ಆ ವರ್ಷವಿಡೀ ಎಲ್ಲಿ ಕೋಳಿ ಕೂಗಿದರೂ ನನಗೆ ಅದು ನಗುತ್ತಿರುವಂತೆ ಕೇಳಿಸುತ್ತಿತ್ತು.

ಹಾಗಾಗಿ ಈ ರೊಟ್ಟಿ ಪಂಚಮಿಯ ಬೆಳಿಗ್ಗೆ ನಾನು ಆರಕ್ಕೇ ಅಂಗಳದಲ್ಲಿ ನಿಂತಿದ್ದೆ. ಮಹಿಬೂಬ ಬಿಸಿಲೇರಿದ ಮೇಲೆ ಬಂದ. ಅಷ್ಟರಲ್ಲಿ ಸಗರದಿಂದ ಭೀಮರಾಯನೂ ಬಸ್ಸಿನಲ್ಲಿ ಬಂದಿಳಿದ. ಹೆಗಲ ಮೇಲೆ ದಪ್ಪನೆಯ ಹಗ್ಗದ ಸುರುಳಿ. ಯಾಕೆ ಎಂದು ನಾನು ಕೇಳಲಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಸುರಪುರದಲ್ಲಿ ಬೇಕಾದಷ್ಟು ಸಿಗುತ್ತವೆ ಎಂದು ಅವನೇ ಹೇಳಿದ.

ಮಹಿಬೂಬ ಒಂದು ವೈರು ಎಳೆದ, ಇನ್ನೊಂದು ಜೋಡಿಸಿದ, ಬಿಸ್ಮಿಲ್ಲಾ ಎಂದು ಕೀಲಿ ತಿರುವಿದ. ಎಂಜಿನ್ ಕೆಮ್ಮಿತು. ಮತ್ತೆ ತಿರುವಿದ. ಈ ಸಲ ಡ್ಯಾಷ್‌ಬೋರ್ಡಿನ ಗಾಳಿಯ ಕಿಂಡಿಗಳಿಂದ ಬುರ್ರೆಂದು ಏನೋ ಹಾರಿ ನಮ್ಮ ಮುಖಕ್ಕೆ ಬಡಿಯಿತು. ಶೇಂಗಾ ಸಿಪ್ಪೆ. ಇಲಿಗಳು ವರ್ಷಗಟ್ಟಲೆ ಕೂಡಿಟ್ಟ ಗೋದಾಮು ಅದು. ಭೀಮರಾಯ ಬಾಯಿ ತೆರೆದು ನಗುತ್ತಿದ್ದವನು ಬಾಯಿ ಮುಚ್ಚಿದ, ಸ್ವಲ್ಪ ತಡವಾಗಿ. ಉಂಡಿಗೆಂದು ಬಿಸಿಲಿಗಿಟ್ಟ ಶೇಂಗಾ ಪ್ರತಿ ವರ್ಷ ಹೇಗೆ ಕಡಿಮೆಯಾಗುತ್ತಿತ್ತು ಎಂಬುದು ಶಂಕ್ರಮ್ಮನಿಗೆ ಆಗ ತಿಳಿಯಿತು. ಇಷ್ಟು ದಿನ ಆಕೆ ಸಂಶಯಪಟ್ಟದ್ದು ನನ್ನ ಮೇಲೆ. ಸಿಪ್ಪೆಯ ಮಳೆ ನಿಂತಾಗ ಇನ್ನೊಂದು ಸದ್ದು ಕೇಳಿಸಿತು. ಎದೆಯೊಳಗಿಂದ ಬರುವ, ಗುರುಗುಟ್ಟುವ, ನಾನು ನಿಲ್ದಾಣದ ಜಾಲಿಯ ಕಿಟಕಿಗೆ ಕಿವಿ ಹಚ್ಚಿ ಕೇಳುತ್ತಿದ್ದ ಅದೇ ಸದ್ದು. ಎಂಜಿನ್ ಚಾಲೂ ಆಗಿತ್ತು. ಓಣಿಯವರು ಹೊರಗೆ ಬಂದರು. ಮಹಿಬೂಬ ಕೈ ಒರೆಸಿಕೊಂಡು, "ಈಗ ಥೋಡಾನೂ ಇಲ್ಲ ಸಾಹೇಬ್ರ," ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಶೇಂಗಾ ಸಿಪ್ಪೆಯ ಧೂಳು ಎಂದು ಎಲ್ಲರಿಗೂ ಹೇಳಿದೆ.

ಮಹಿಬೂಬನಿಗೆ ಯಾದಗಿರಿಯಲ್ಲಿ ಒಂದು ಲಾರಿಯ ಕೆಲಸ ಕಾದಿತ್ತಂತೆ. ಆದರೂ ಅವನು ಹೋಗುವುದೋ ಬಿಡುವುದೋ ಎಂದು ತಲೆ ತುರಿಸುತ್ತ ಅಲ್ಲೇ ಸುಳಿದಾಡುತ್ತಿದ್ದ. ಅದೇ ಹೊತ್ತಿಗೆ ರಸ್ತೆಯಲ್ಲಿ ಯಾದಗಿರಿ ಬಸ್ಸಿನ ಸದ್ದು ಕೇಳಿಸಿತು. ನನ್ನ ಕಣ್ಣೆದುರಿಗೆ ಒಬ್ಬ ಮನುಷ್ಯ ಬಸ್ಸು ತಪ್ಪಿಸಿಕೊಳ್ಳುವುದನ್ನು ನಾನು ಎಂದೂ ಸಹಿಸಿದವನಲ್ಲ. ಅವನ ತೋಳು ಹಿಡಿದು ಓಡಿದೆ, ಕೈಯೆತ್ತಿ ಬಸ್ಸು ನಿಲ್ಲಿಸಿದೆ, ಅವನು ಏನೋ ಹೇಳುತ್ತಿದ್ದಂತೆಯೇ ಬೆನ್ನಿಗೆ ಕೈಕೊಟ್ಟು ಒಳಗೆ ಹತ್ತಿಸಿ ಸೀಟಿ ಊದಿದೆ. ಬಸ್ಸು ಹೊರಟಿತು. ಎಷ್ಟು ವರ್ಷವಾಗಿತ್ತು ಹೀಗೊಂದು ಬಸ್ಸು ಬಿಟ್ಟು! ಅಂಗಳಕ್ಕೆ ಮರಳುವಾಗ ನನ್ನ ನಡಿಗೆಯೇ ಬೇರೆಯಾಗಿತ್ತು.

ಶಂಕ್ರಮ್ಮ ಕಾರಿಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು, ಉಂಡಿಯ ಡಬ್ಬಿ ಒಳಗೆ ಹೋದವು. ಮುಂದೆ ಕೂಡಲು ನಾಚಿಕೆಯೆಂದು ಆಕೆ ತಮ್ಮನ ಜೊತೆ ಹಿಂದೆಯೇ ಕೂತಳು. ಶಹಾಪುರ ದಾಟಿದ ಮೇಲೆ ಮುಂದಿನ ಸೀಟಿಗೆ ಬರುತ್ತಾಳಂತೆ. ಸರಿ ಎಂದು ನಾನು ಮುಂದೆ, ಎಡಗಡೆಯ ಸೀಟಿನಲ್ಲಿ ಕೂತೆ. ಬಾಗಿಲು ಹಾಕಿದೆ. ಹಿಂದೆ ತಿರುಗಿ ಇಬ್ಬರನ್ನೂ ಎಣಿಸಿದೆ. ಗಡಿಯಾರ ನೋಡಿದೆ. ಸೀಟಿ ಊದಿದೆ.

ಎಂಜಿನ್ ಗುರುಗುಟ್ಟುತ್ತಿತ್ತು. ಕಾರು ನಿಂತೇ ಇತ್ತು. ನಾನು ಇನ್ನೊಮ್ಮೆ ಊದಿದೆ, ಈ ಸಲ ಸ್ವಲ್ಪ ಖಾರವಾಗಿ.

"ಯಾರ ಹಾದಿ ಕಾಯಾಕತ್ತೀರಿ?" ಹಿಂದಿನಿಂದ ಶಂಕ್ರಮ್ಮ ಕೇಳಿದಳು.

"ಡ್ರೈವರ್ ಇನ್ನೂ ಬಂದಿಲ್ಲ," ಎಂದೆ.

ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ಮಗ್ಗುಲಲ್ಲಿ ಚಾಲಕನ ಸೀಟು, ಯಾದಗಿರಿಯ ಗುಜರಿ ಅಂಗಡಿಯವರನ್ನು ಎಬ್ಬಿಸಿ ತಂದ ಸೀಟು, ಖಾಲಿಯಾಗಿ ನನ್ನ ಕಡೆ ನೋಡುತ್ತಿತ್ತು.

"ಯಾವ ಡ್ರೈವರ್?" ಎಂದಳು ಆಕೆ, ಬಹಳ ಮೆತ್ತಗೆ.

ನಾನು ಸುಳ್ಳು ಹೇಳಲಾರೆ. ನೌಕರಿ ಸೇರಿದಂದಿನಿಂದ ನನಗೆ ಗೊತ್ತಿದ್ದದ್ದು ಇಷ್ಟೇ: ಗಾಡಿ ತಯಾರಿರಬೇಕು, ವೇಳೆಯಾಗಬೇಕು, ಸೀಟಿ ಊದಬೇಕು. ಊದಿದರೆ ಎಲ್ಲಿಂದಲೋ ಬಾಯಿ ಒರೆಸಿಕೊಳ್ಳುತ್ತ ಒಬ್ಬ ಚಾಲಕ ಬರುತ್ತಾನೆ. ಅವನು ಎಲ್ಲಿಂದ ಬರುತ್ತಾನೆ ಎಂದು ನಾನು ಎಂದೂ ಯೋಚಿಸಿದವನಲ್ಲ. ಕಾರ್ಬುರೇಟರು, ಕನ್ನಡಿ, ಹಾರನ್ನು ಎಲ್ಲವನ್ನೂ ಹುಡುಕಿದ ನಾನು ಆ ಒಂದು ಬಿಡಿಭಾಗವನ್ನು ಮಾತ್ರ ಮರೆತಿದ್ದೆ.

"ಮಾವಾರ," ಭೀಮರಾಯ ಮುಂದೆ ಬಾಗಿದ. "ನಿಮಗ ಗಾಡಿ ಹೊಡಿಯಾಕ ಬರಂಗಿಲ್ಲೇನ್ರಿ?"

"ಗಾಡಿ ಬಿಡಾಕ ಬರ್ತದ. ಹೊಡಿಯಾಕ ಬರಂಗಿಲ್ಲ."

ಅಂಗಳದಲ್ಲಿ ನಿಂತಿದ್ದ ಓಣಿಯವರಿಗೂ ಇದು ಕೇಳಿಸಿತು. ಶಂಕ್ರಮ್ಮ ನಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. ಸಗರಕ್ಕೆ ಹೋಗುವಂತೆ ಯಾದಗಿರಿಗೂ ಶಹಾಪುರದ ಮೇಲೆಯೇ ಹೋಗಬೇಕೆಂದೂ, ಮಹಿಬೂಬ ನಮ್ಮನ್ನು ಕೂಡಿಸಿಕೊಂಡು ತಾನೇ ಕಾರು ನಡೆಸುತ್ತ ಆ ದಾರಿ ಹಿಡಿಯಬಹುದಿತ್ತೆಂದೂ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ಹೇಳಲು ಹೊರಟದ್ದು ಬಹುಶಃ ಅದೇ ಎಂದೂ ಆಕೆ ಸಾವಕಾಶವಾಗಿ ವಿವರಿಸಿದಳು. ಭೀಮರಾಯನ ಕೈ ಹಗ್ಗದ ಕಡೆ ಹೋಯಿತು. ನನ್ನ ಕಿವಿಯಲ್ಲಿ ಕೋಳಿಗಳು ಕೂಗತೊಡಗಿದವು.

ಆಗ ಶಂಕ್ರಮ್ಮ ತಮ್ಮನ ಹೆಗಲಿಗೆ ಒಂದು ಪೆಟ್ಟು ಕೊಟ್ಟಳು. "ಹಗ್ಗ ಇಡೋ. ಟ್ರ್ಯಾಕ್ಟರ್ ಹೊಡಿಯಾಂವ ಇದನ್ನ ಹೊಡಿಯಾಕ ಆಗಂಗಿಲ್ಲೇನು? ಹೋಗು, ಮುಂದ ಕೂಡು. ನಾನೂ ಮುಂದ ಬರ್ತೀನಿ. ನೀವು ಹಿಂದ ಬರ್ರಿ."

ಹೀಗೆ ನಾನು ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ನಿಂಬೆಹಣ್ಣು ಚಪ್ಪಟೆಯಾದವು, ಎಮ್ಮೆ ಎದ್ದಿತು. ಭೀಮರಾಯ ಕಾರನ್ನು ಟ್ರ್ಯಾಕ್ಟರಿನಂತೆಯೇ ನಡೆಸಿದ. ಆಗಾಗ ಹಿಂದೆ ತಿರುಗಿ ಇಲ್ಲದ ಟ್ರೇಲರ್ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಿದ್ದ. ಪ್ರತಿ ಸಲವೂ ಅವನಿಗೆ ಕಾಣುತ್ತಿದ್ದದ್ದು ನನ್ನ ಮುಖ. ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕಿದ ಬಸ್ಸುಗಳ ಚಾಲಕರು ಗುರುತು ಹಿಡಿದು ನಮಸ್ಕಾರ ಮಾಡಿದರು. ಕಂಟ್ರೋಲರ್ ಸಾಹೇಬರು ಚಾಲಕನನ್ನಿಟ್ಟು ಹಿಂದಿನ ಸೀಟಿನಲ್ಲಿ ತಿರುಗುವಷ್ಟು ದೊಡ್ಡವರಾದರು ಎಂದು ಅವರು ತಿಳಿದಿರಬೇಕು. ನಾನು ತಿದ್ದಲು ಹೋಗಲಿಲ್ಲ. ಶಂಕ್ರಮ್ಮ ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಸಗರ ಬರುವವರೆಗೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಸಗರದ ಮನೆಯ ಮುಂದೆ ಕಾರು ನಿಂತಾಗ ಆಕೆಯ ಕಡೆಯ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ನಾನು ಇಳಿದು ಓಡಿ ಹೊರಗಿನಿಂದ ತೆಗೆದೆ. ನೆರೆದ ಹೆಂಗಸರು ಅದನ್ನು ನೋಡಿದರು. ಆಕೆ ಎಲ್ಲರೂ ನೋಡುವಷ್ಟು ಹೊತ್ತು ಕೂತಿದ್ದು, ಆಮೇಲೆ ಇಳಿದಳು. ಹ್ಯಾಂಡ್ ಬ್ರೇಕಿನ ಕೆಲಸ ಥೋಡಾ ಉಳಿದಿದ್ದರಿಂದ ನಾನು ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆ, ಕೋಳಿಗಳು ಬಾರದಂತೆ ಗಾಜು ಏರಿಸಿದೆ.

ಸಂಜೆ ಬೇವಿನ ಮರದ ಜೋಕಾಲಿಗೆ ಹುಡುಗಿಯರ ಜಗಳ ಹತ್ತಿತ್ತು, ಯಾರ ಪಾಳಿ ಎಂದು. ನನ್ನ ಕೈ ತಾನಾಗಿ ಜೇಬಿನ ಸೀಟಿಗೆ ಹೋಯಿತು. ಸಾಲು ಹಚ್ಚಿದೆ, ವೇಳೆ ಗೊತ್ತುಮಾಡಿದೆ, ಒಬ್ಬೊಬ್ಬರನ್ನೇ ಬಿಟ್ಟೆ. ಕತ್ತಲಾಗುವ ಹೊತ್ತಿಗೆ ಸಾಲಿನ ಕಡೆಯಲ್ಲಿ ಶಂಕ್ರಮ್ಮ ನಿಂತಿದ್ದಳು. ಹತ್ತಿ ಕೂತು, ಹಗ್ಗ ಗಟ್ಟಿಯಾಗಿ ಹಿಡಿದು, "ಊದ್ರಿ," ಎಂದಳು. "ಇದಕ್ಕ ಡ್ರೈವರ್ ಬೇಕಾಗಂಗಿಲ್ಲ."

ಊದಿದೆ. ಆ ದಿನ ನಾನು ಬಿಟ್ಟ ಕಡೆಯ ಗಾಡಿ ಅದು, ಸರಿಯಾದ ವೇಳೆಗೆ ಹೊರಟಿತು.