ಮಗನ ಸಂಬಳಕ್ಕೆ ಚೌಕಾಸಿ

ಗಾಡಿ ಬಾಡಿಗೆ ಎರಡು ರೂಪಾಯಿ (ಕೇಳಿದ್ದು ಮೂರು), ಹೋಗಿಬರಲು ನಾಲ್ಕು ದಿನ, ಕೈತಪ್ಪಿದ್ದು ಒಂದು ಸಂತೆ. ಮಗನ ಸಂಬಳವನ್ನು ಎರಡು ರೂಪಾಯಿ ಏರಿಸಲು ನಾನು ಮಾಡಿದ ಖರ್ಚು ಇಷ್ಟು. ಸಂಬಳ ಏರಲಿಲ್ಲ. ಆದರೂ ನಷ್ಟವಾಯಿತೆನ್ನಲು ನಾಲಿಗೆ ಬಾರದು.

ನಾನು ಹೊಳಲ್ಕೆರೆಯ ಎತ್ತಿನ ದಲ್ಲಾಳಿ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರಡಿ ಬೆರಳು ಹಿಡಿದು ತಿಳಿಸುತ್ತೇವೆ. ಈ ವಿದ್ಯೆ ನನಗೆ ಅಪ್ಪನಿಂದ ಬಂದದ್ದಲ್ಲ. ಅವನು ಬಿ.ದುರ್ಗದಲ್ಲಿ ಉಳುವವನು. ಮಗ ನೇಗಿಲು ಬಿಟ್ಟು ದಲ್ಲಾಳಿಯಾದನೆನ್ನಲು ನಾಚಿ, ಅವನು ಶ್ರೀಶೈಲಕ್ಕೆ ಹೋಗಿದ್ದಾನೆಂದು ಎರಡು ವರ್ಷ ಊರಿಗೆಲ್ಲ ಹೇಳಿದ್ದ. ಅದನ್ನು ನೆನೆದು ನಗುತ್ತಿದ್ದ ನಾನೇ, ನನ್ನ ಮಗ ಸಿದ್ಧಲಿಂಗ ಮಾರಿಕಣಿವೆಯ ಕಟ್ಟೆ ಕೆಲಸದಲ್ಲಿ ಮಣ್ಣಿನ ಗುಂಡಿ ಅಳೆಯಲು ಸೇರಿದಾಗ, ಅವನು ಹಿರಿಯೂರಿನ ಕಡೆ ದನ ನೋಡಲು ಹೋಗಿದ್ದಾನೆಂದು ನೆಂಟರಿಗೆಲ್ಲ ಹೇಳಿದೆ.

ಕೆಲಸಕ್ಕಿಂತ ಹೆಚ್ಚಾಗಿ ಸಂಬಳದ ಸಂಗತಿ ನನ್ನನ್ನು ಕೊರೆಯುತ್ತಿತ್ತು. ಕಚೇರಿಯವರು ತಿಂಗಳಿಗೆ ಹತ್ತು ರೂಪಾಯಿ ಅಂದರಂತೆ, ಇವನು ಆಗಲಿ ಅಂದನಂತೆ. ಮೊದಲ ಮಾತಿಗೇ ಒಪ್ಪುವವನು ನನ್ನ ಮನೆಯಲ್ಲಿ ಹೇಗೆ ಹುಟ್ಟಿದನೋ! ಗಾಡಿ ಕಟ್ಟಿಸಿದೆ.

ಅಲ್ಲಿ ಓವರ್ಸಿಯರು ಕಚೇರಿಯಿಂದ ಹೊರಬಂದದ್ದೇ ತಡ, ಕೈಮುಗಿದು, ನನ್ನ ಮಗ ಸಿದ್ಧಲಿಂಗನ ಸಂಬಳದ ಮಾತು ಎಂದು, ಅವರ ಕೈಯ ಮೇಲೆ ವಲ್ಲಿ ಹೊದಿಸಿ ಎರಡು ಬೆರಳು ಹಿಡಿದೆ. ಅವರು ಚೇಳು ಕುಟುಕಿದವರಂತೆ ಹಿಂದಕ್ಕೆ ಜಿಗಿದರು. ಲಂಚ ಕೊಡಲು ಬಂದವನ ಮಗ ಅಳತೆಗೆ ಬೇಡವೇ ಬೇಡ, ಇಂದೇ ಹೊರಡಲಿ ಎಂದುಬಿಟ್ಟರು. ಎರಡು ಗಳಿಸಲು ಹೋದವನು ಹತ್ತನ್ನೂ ಕಳೆಯುವಂತಾಯಿತು.

ಅಷ್ಟರಲ್ಲಿ ಸಿದ್ಧಲಿಂಗ ಅಳತೆಯ ಸರಪಳಿ ಹಿಡಿದೇ ಓಡಿ ಬಂದ. ನನ್ನ ಅಂಗೈ ಬಿಡಿಸಿ ತೋರಿಸಿದ. "ಲಂಚ ಅಲ್ಲ ಸ್ವಾಮಿ, ಚೌಕಾಸಿ. ಇವ್ರು ನಮ್ಮಪ್ಪ. ಎತ್ತಿನ ದಲ್ಲಾಳಿ. ಕೈ ನೋಡ್ರಿ, ಬರಿದಾಗೈತೆ."

ಅಷ್ಟು ಜನರ ಮುಂದೆ ಅಪ್ಪ ದಲ್ಲಾಳಿ ಎನ್ನಲು ಅವನಿಗೆ ಒಂದಿಷ್ಟೂ ಸಂಕೋಚವಿಲ್ಲ. ಅವನ ಕೆಲಸವನ್ನು ಮುಚ್ಚಿಟ್ಟವನು ನಾನು. ಎರಡು ಬೆರಳಿನ ಅರ್ಥ ತಿಳಿದ ಮೇಲೆ ಓವರ್ಸಿಯರರ ಮೀಸೆ ಅಲುಗಿತು. ಸರ್ಕಾರಕ್ಕೆ ಬೆರಳಿಲ್ಲ ಯಜಮಾನರೇ, ಹೋಗಿ ನೆರಳಲ್ಲಿ ಕೂತುಕೊಳ್ಳಿ ಎಂದರು. ಕೆಲಸ ಉಳಿಯಿತು.

ಆಮೇಲೆ ಮಗ ನನ್ನನ್ನು ಬದಿಗೆ ಕರೆದ. "ಅಪ್ಪಾ, ನಾನೇನು ಹಲ್ಲು ಎಣಿಸಿ ಕೊಳ್ಳೋ ಎತ್ತೇನು? ನನ್ನ ಕೆಲ್ಸದ ಮಾತು ನಾನೇ ಆಡ್ತೀನಿ ಬಿಡು."

"ಲೇ, ಹತ್ತಕ್ಕೇ ಒಪ್ಪಿದ್ಯಲ್ಲೋ."

"ಅಳತೆ ತಪ್ಪಿದ್ರೆ ಮಣ್ಣು ಹೊರೋರ ಕೂಲಿ ಹೋಗ್ತೈತೆ. ನಾನು ಅಳೆದದ್ದನ್ನ ಇಲ್ಲಿ ಯಾರೂ ಎರಡನೇ ಸಲ ಅಳೆಯಲ್ಲ."

ನಾನು ಎಣಿಸಿದ ಹಲ್ಲನ್ನು ಸಂತೆಯಲ್ಲಿ ಎಲ್ಲರೂ ಇನ್ನೊಮ್ಮೆ ಎಣಿಸಿಯೇ ನಂಬುತ್ತಾರೆ.

ಆದ್ದರಿಂದ, ಬೇರೆ ಕೆಲಸ ಹಿಡಿದ ಮಕ್ಕಳಿರುವ ಅಪ್ಪಂದಿರೇ, ಒಮ್ಮೆ ಹೋಗಿ ನೋಡಿ ಬನ್ನಿ. ಕಚೇರಿಯ ಬಾಗಿಲಿಗೆ ಹೋಗಬೇಡಿ, ಕೆಲಸ ನಡೆಯುವಲ್ಲಿಗೆ ಹೋಗಿ. ಯಾರೆಂದು ಕೇಳಿದರೆ ಮಗನ ಹೆಸರನ್ನು ಮೊದಲು ಹೇಳಿ. ನಾನು ಹೊಳಲ್ಕೆರೆ ದಲ್ಲಾಳಿ ರುದ್ರಪ್ಪ ಎಂದಾಗ ಮಣ್ಣು ಹೊರುವ ಹೆಂಗಸರು ಪುಟ್ಟಿ ಎತ್ತಿಕೊಂಡು ಮುಂದೆ ಹೋದರು. ಅಳತೆ ಸಿದ್ಧಲಿಂಗನ ಅಪ್ಪ ಎಂದೆ, ಮಜ್ಜಿಗೆ ಬಂತು. ಎರಡನೇ ಲೋಟವನ್ನು ನಾನೇ ಕೇಳಿ ಕುಡಿದೆ.