ಈರಪ್ಪನ ವರ್ಗಾವಣೆ ಮತ್ತು ಉಪೇಕ್ಷಾ ಕೋಶ

ಎರಡು ಸಾವಿರದ ಆರನೇ ಇಸವಿ ಜೂನ್ ಹನ್ನೆರಡನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತು ಐವತ್ತಕ್ಕೆ, ಅಂದರೆ ಕಚೇರಿ ಆರಂಭವಾದ ಕೂಡಲೇ, ರಾಜಾಜಿನಗರದ ಸರ್ಕಾರಿ ಬೆರಳಚ್ಚು ಯಂತ್ರಗಳ ಸುಸ್ಥಿತಿ ನಿರ್ದೇಶನಾಲಯಕ್ಕೆ ಅದರ ಇತಿಹಾಸದ ಮೊದಲನೆಯ ಈಮೇಲ್ ಬಂದಿತು.

ಸರ್ಕಾರಿ ಕಚೇರಿಗಳ ಟೈಪ್‌ರೈಟರುಗಳನ್ನು ಸುಸ್ಥಿತಿಯಲ್ಲಿ ಇಡುವುದು ಈ ನಿರ್ದೇಶನಾಲಯದ ಕರ್ತವ್ಯ. ಟೈಪ್‌ರೈಟರುಗಳೆಲ್ಲ ಮೂರು ವರ್ಷದ ಹಿಂದೆಯೇ ಗುಜರಿಗೆ ಹೋಗಿದ್ದವು. ಹಾಗಾಗಿ ಅವುಗಳ ಮೇಲೆ ಒಂದೇ ಒಂದು ದೂರೂ ಬರುತ್ತಿರಲಿಲ್ಲ. ಇಂಥ ಸುಸ್ಥಿತಿ ಹಿಂದೆಂದೂ ಸಾಧ್ಯವಾಗಿರಲಿಲ್ಲವೆಂದು ವಾರ್ಷಿಕ ವರದಿಯಲ್ಲಿ ದಾಖಲಾಗಿತ್ತು.

ಈಮೇಲನ್ನು ಮೊದಲು ನೋಡಿದವಳು ದ್ವಿತೀಯ ದರ್ಜೆ ಸಹಾಯಕಿ ಜಯದೇವಿ. ವಿಜಯನಗರದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದ ತಪ್ಪಿಗೆ ಕಚೇರಿಯ ಏಕೈಕ ಕಂಪ್ಯೂಟರು ಅವಳ ಪಾಲಿಗೆ ಬಂದಿತ್ತು. ಯಾವುದೋ ದೇಶದ ಒಂದು ಹುಡುಗಿಯ ಹೃದಯದಲ್ಲಿ ತೂತಿದೆ, ಈ ಸಂದೇಶವನ್ನು ಹನ್ನೊಂದು ಜನಕ್ಕೆ ಕಳಿಸಿದರೆ ಒಂದು ದೊಡ್ಡ ಕಂಪನಿ ಆಪರೇಷನ್ ಮಾಡಿಸುತ್ತದೆ, ಕಳಿಸದೆ ಅಳಿಸಿಹಾಕಿದ ಮೆಕ್ಸಿಕೋ ದೇಶದ ಅಧಿಕಾರಿಯೊಬ್ಬ ಒಂಬತ್ತನೇ ದಿನಕ್ಕೆ ಕೆಲಸ ಕಳೆದುಕೊಂಡ ಎಂದು ಅದರಲ್ಲಿತ್ತು. ಇಂಥವನ್ನು ನಂಬಬಾರದು, ಓದಿ ಅಳಿಸಿಬಿಡಬೇಕು ಎಂದು ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಸ್ಪಂದನ ಅವಳಿಗೆ ಹೇಳಿಕೊಟ್ಟಿದ್ದಳು. ಜಯದೇವಿ ಅಳಿಸುವುದರಲ್ಲಿದ್ದಳು. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಅಧೀಕ್ಷಕ ಚನ್ನಕೇಶವ ಅದನ್ನು ಪ್ರಿಂಟ್ ತೆಗೆಸಿ, ಆವಕ ವಹಿಯಲ್ಲಿ ನಮೂದಿಸಿ, ಮೊಹರು ಒತ್ತಿಬಿಟ್ಟರು.

ಆವಕ ಸಂಖ್ಯೆ ಬಿದ್ದ ಕಾಗದವನ್ನು ವಿಲೇವಾರಿ ಮಾಡಲೇಬೇಕು. ಜಯದೇವಿ ಕಡತ ತೆರೆದು, “ಇದು ಸುಳ್ಳು ಸಂದೇಶ. ಉಪೇಕ್ಷಿಸಬಹುದು” ಎಂದು ಟಿಪ್ಪಣಿ ಬರೆದಳು. ಚನ್ನಕೇಶವ ಅದರ ಕೆಳಗೆ, ಉಪೇಕ್ಷಿಸಲು ಯಾವ ನಿಯಮದಡಿ ಅವಕಾಶವಿದೆ ಎಂದು ಕೇಳಿ ಕಡತ ಹಿಂದಿರುಗಿಸಿದರು. ಜಯದೇವಿ ಇದ್ದಬದ್ದ ಕೈಪಿಡಿಗಳನ್ನೆಲ್ಲ ಹುಡುಕಿದಳು. ಸರ್ಕಾರಿ ನೌಕರನು ಉಪೇಕ್ಷೆ ಮಾಡಿದರೆ ಏನು ಶಿಕ್ಷೆ ಎಂಬುದು ಎಲ್ಲದರಲ್ಲೂ ಇತ್ತು. ಉಪೇಕ್ಷೆ ಮಾಡುವ ವಿಧಾನ ಯಾವುದರಲ್ಲೂ ಇರಲಿಲ್ಲ.

ಕಡತ ನಿರ್ದೇಶಕ ತಿಮ್ಮಯ್ಯನವರ ಮುಂದೆ ಹೋಯಿತು. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ತಿಮ್ಮಯ್ಯನವರು ಮೆಕ್ಸಿಕೋದ ಅಧಿಕಾರಿಯ ಸಾಲನ್ನು ಮೂರು ಸಲ ಓದಿಸಿದರು. ಆತನಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿದ್ದರೋ ಇಲ್ಲವೋ ಎಂದು ವಿಚಾರಿಸಿದರು. ಅದು ಯಾರಿಗೂ ತಿಳಿದಿರಲಿಲ್ಲ. ಆಮೇಲೆ, “ಸುಳ್ಳು ಎಂಬ ಅಭಿಪ್ರಾಯವನ್ನು ಒಪ್ಪಿದೆ. ಆದರೂ ಮುನ್ನೆಚ್ಚರಿಕೆಯ ದೃಷ್ಟಿಯಿಂದ ಹನ್ನೊಂದು ಜಿಲ್ಲಾ ಕಚೇರಿಗಳಿಗೆ ಕಳಿಸಿ” ಎಂದು ಷರಾ ಬರೆದರು.

ಹನ್ನೊಂದು ಕಚೇರಿಗಳೂ ಮೇಲಿನಿಂದ ಬಂದ ಕಾಗದವೆಂದು ತಲಾ ಹನ್ನೊಂದು ಕಚೇರಿಗೆ ಕಳಿಸಿದವು. ಅವುಗಳಲ್ಲಿ ಬಹಳಷ್ಟು ತಿರುಗಿ ರಾಜಾಜಿನಗರಕ್ಕೇ ಬಂದು ಹೊಸ ಆವಕ ಸಂಖ್ಯೆ ಪಡೆದವು. ಜುಲೈ ಮುಗಿಯುವ ಹೊತ್ತಿಗೆ, ದಿನಕ್ಕೆ ಎರಡು ಟಪಾಲು ಬರುತ್ತಿದ್ದ ಕಚೇರಿಗೆ ದಿನಕ್ಕೆ ಎರಡು ಮೂಟೆ ಬರುತ್ತಿತ್ತು. ಆ ಸಮಯದಲ್ಲಿ, ಕೆಲಸವಿಲ್ಲದ ಕಚೇರಿಗಳನ್ನು ಮುಚ್ಚಲು ಸರ್ಕಾರ ಪಟ್ಟಿ ಮಾಡುತ್ತಿತ್ತು. ತಿಮ್ಮಯ್ಯನವರು ಮೂಟೆಗಳ ಫೋಟೋ ತೆಗೆಸಿ ಲಗತ್ತಿಸಿ, ಸಿಬ್ಬಂದಿ ಸಾಲದೆಂದು ಬರೆದರು. ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. ಅಷ್ಟೇ ಅಲ್ಲ, ಸುಳ್ಳು ಸಂದೇಶಗಳನ್ನು ಗುರುತಿಸಿ ಉಪೇಕ್ಷಿಸಲು ಒಂದು ‘ಉಪೇಕ್ಷಾ ಕೋಶ’ವೂ, ನಿರ್ದೇಶಕರಿಗೆ ಒಂದು ಕಾರೂ ಮಂಜೂರಾದವು. ಮೆಕ್ಸಿಕೋ ಅಧಿಕಾರಿಯ ಪ್ರಕರಣವನ್ನು ಖುದ್ದು ಪರಿಶೀಲಿಸಲು ತಿಮ್ಮಯ್ಯನವರು ಸಪತ್ನೀಕರಾಗಿ ಅಧ್ಯಯನ ಪ್ರವಾಸ ಹೊರಟು ಸಿಂಗಪುರದವರೆಗೆ ಹೋಗಿ ಬಂದರು. ಅಲ್ಲಿಯವರೆಗೆ ಅಂಥ ಅಧಿಕಾರಿ ಯಾರೂ ಕಂಡುಬರಲಿಲ್ಲವೆಂದು ನಲವತ್ತು ಪುಟದ ವರದಿ ಸಲ್ಲಿಸಿದರು.

ಕೋಶದ ಹೊಣೆ ಜಯದೇವಿಗೆ ಬಂತು. ನಿಜ ಹೇಳಬೇಕೆಂದರೆ ಅವಳಿಗೆ ಸಂತೋಷವೇ ಆಯಿತು. ಹದಿನೆಂಟು ವರ್ಷದ ಸೇವೆಯಲ್ಲಿ ಅವಳ ತಿಳಿವಳಿಕೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಸ್ಪಂದನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಭಾನುವಾರ ಕಷ್ಟಪಟ್ಟು ಸುಳ್ಳು ಸಂದೇಶದ ಐದು ಲಕ್ಷಣಗಳನ್ನು ಬರೆದಳು. ‘ತುರ್ತು’ ಎಂಬ ಪದವಿರುವುದು, ಕಾಯಿಲೆಯ ಮಗುವೊಂದು ಬರುವುದು, ಡಾಕ್ಟರು ಹೇಳಿದ್ದಾರೆ ಎನ್ನುವುದು, ಇದನ್ನು ಇನ್ನೊಬ್ಬರಿಗೆ ಕಳಿಸಿಕೊಡಿ ಎಂದು ಕೋರುವುದು, ಕೊನೆಯಲ್ಲಿ ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಹರಸುವುದು. ಇವುಗಳಲ್ಲಿ ಮೂರು ಕಂಡುಬಂದರೂ ಅನುಮಾನಿಸಿ ವಿಚಾರಿಸಬೇಕು ಎಂದು ಅವಳು ಬರೆದಿದ್ದಳು. ವಿಚಾರಿಸಲು ಪ್ರತ್ಯೇಕ ಸಿಬ್ಬಂದಿ ಬೇಕಾಗುತ್ತದೆಂದು ಚನ್ನಕೇಶವ ಅಷ್ಟನ್ನು ಹೊಡೆದುಹಾಕಿ, ‘ಸುಳ್ಳೆಂದು ಗುರುತಿಸಿ ಉಪೇಕ್ಷಿಸಲಾಗಿದೆ’ ಎಂಬ ರಬ್ಬರ್ ಸ್ಟಾಂಪು ಮಾಡಿಸಿದರು. ಕಳಿಸದಿದ್ದರೆ ಕೇಡಾಗುತ್ತದೆಂಬ ಶಾಪವಿರುವ ಸಂದೇಶಗಳಿಗೆ ಮಾತ್ರ ನಿರ್ದೇಶಕರು ಒಂದು ಪರಂತುಕ ಸೇರಿಸಿದರು. ಅಂಥವನ್ನು ಮೊದಲು ಹನ್ನೊಂದು ಕಡೆಗೆ ರವಾನಿಸಿ, ಆಮೇಲೆ ಉಪೇಕ್ಷಿಸತಕ್ಕದ್ದು.

ಕೋಶ ಚೆನ್ನಾಗಿಯೇ ನಡೆಯಿತು. ನವೆಂಬರಿನಲ್ಲಿ ಈರಪ್ಪ ಅರ್ಜಿ ಕೊಟ್ಟ.

ಈರಪ್ಪ ಆ ಕಚೇರಿಯ ಅಟೆಂಡರ್. ರಾಣೆಬೆನ್ನೂರು ಕಡೆಯವನು. ಮಾರೇನಹಳ್ಳಿಯಲ್ಲಿ ಒಂದೇ ಕೋಣೆಯ ಮನೆ ಮಾಡಿಕೊಂಡು ಹೆಂಡತಿ ಹಾಲವ್ವ, ಎಂಟು ವರ್ಷದ ಮಗಳು ಕಲಾವತಿಯ ಜೊತೆ ಇದ್ದ. ಬೆಂಗಳೂರಿಗೆ ಬಂದ ಲಾಗಾಯ್ತು ಆ ಹುಡುಗಿಗೆ ಉಬ್ಬಸ. ಪಕ್ಕದಲ್ಲಿ ಮರ ಕೊಯ್ಯುವ ಮಿಲ್ಲು, ಎದುರಿಗೆ ಬಸ್ಸುಗಳು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ಔಷಧದ ಹಬೆ ಹಿಡಿಸಬೇಕಾಗುತ್ತಿತ್ತು. ಊರಿನ ಗಾಳಿಗೆ ಕರೆದುಕೊಂಡು ಹೋಗು, ಇಲ್ಲೇ ಇದ್ದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ರಾಣೆಬೆನ್ನೂರಿನ ಶಾಖೆಯಲ್ಲಿ ಅಟೆಂಡರ್ ಹುದ್ದೆ ಖಾಲಿಯಿತ್ತು. ಈರಪ್ಪ ತನ್ನ ಕೈಯಾರೆ ದುಂಡಗೆ ಬರೆದ. ಮಗಳಿಗೆ ಉಬ್ಬಸವೆಂದೂ, ಡಾಕ್ಟರು ಹೀಗೆ ಹೇಳಿದ್ದಾರೆಂದೂ, ತುರ್ತಾಗಿ ವರ್ಗಾವಣೆ ಬೇಕೆಂದೂ, ಇದನ್ನು ಮೇಲಿನವರಿಗೆ ಕಳಿಸಿಕೊಡಬೇಕೆಂದೂ, ದೇವರು ತಮಗೆ ಒಳ್ಳೆಯದು ಮಾಡಲೆಂದೂ ಬರೆದು ಸಹಿ ಹಾಕಿದ.

ಆವಕ ಸಂಖ್ಯೆ ಬಿದ್ದ ಕಾಗದಗಳೆಲ್ಲ ಈಗ ಕೋಶದ ಮೂಲಕವೇ ಹೋಗಬೇಕಾಗಿದ್ದರಿಂದ ಅದರಲ್ಲೂ ಲಕ್ಷಣ ಎಣಿಸಲಾಯಿತು. ಐದಕ್ಕೆ ಐದು ಬಂತು. ಕೋಶ ಆರಂಭವಾದಂದಿನಿಂದ ಯಾವ ಸಂದೇಶಕ್ಕೂ ಐದು ಬಂದಿರಲಿಲ್ಲ. ಹೃದಯದ ತೂತಿನ ಹುಡುಗಿಗೇ ನಾಲ್ಕು. ಚನ್ನಕೇಶವ ಅರ್ಜಿಯನ್ನು ಮಾದರಿಯೆಂದು ಎಲ್ಲರಿಗೂ ತೋರಿಸಿ, ಸ್ಟಾಂಪು ಒತ್ತಿಸಿದರು.

ಜಯದೇವಿ ಆ ಮಗುವನ್ನು ನೋಡಿದ್ದಳು. ಒಂದು ಸಂಜೆ ಹಾಲವ್ವನ ಜೊತೆ ಆಸ್ಪತ್ರೆಯಲ್ಲಿ ಕೂತಿದ್ದಳು. ಪ್ರತಿ ಉಸಿರಿಗೂ ಆ ಹುಡುಗಿಯ ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿದ್ದುದು ಅವಳ ಕಣ್ಣಿಗೆ ಕಟ್ಟಿತ್ತು. ಇದು ನಿಜ, ನಾನೇ ಕಂಡಿದ್ದೇನೆ ಎಂದು ಕಡತದಲ್ಲಿ ಬರೆದಳು. ಕಣ್ಣಾರೆ ಕಂಡದ್ದು ಐದು ಲಕ್ಷಣಗಳಲ್ಲಿ ಬರುವುದಿಲ್ಲವೆಂದು ಕಡತ ಹಿಂದಕ್ಕೆ ಬಂತು. ಅವಳು ಎದ್ದು ಚನ್ನಕೇಶವರ ಮೇಜಿನ ಹತ್ತಿರ ಹೋದಳು. ಅವರೇನು ಕೆಟ್ಟವರಲ್ಲ. ಈರಪ್ಪನ ಮಗಳಿಗೆಂದು ಕಳೆದ ವಾರವಷ್ಟೇ ಹಣ್ಣು ಕೊಟ್ಟು ಕಳಿಸಿದ್ದರು.

“ನೋಡಮ್ಮ, ಮಗು ಕಾಯಿಲೆ ನಿಜಾನೇ. ಯಾರು ಇಲ್ಲ ಅಂದ್ರು?” ಎಂದರು ಅವರು. “ಅರ್ಜಿ ಸುಳ್ಳು ಅಷ್ಟೆ. ಲಕ್ಷಣ ಬರೆದೋರು ನೀವೇ ತಾನೆ?”

ಜಯದೇವಿ ಕಡತ ಎತ್ತಿಕೊಂಡು ತನ್ನ ಜಾಗಕ್ಕೆ ಬಂದಳು. ಈರಪ್ಪ ಎರಡನೇ ಸಲ ಆಸ್ಪತ್ರೆಯ ಚೀಟಿ ಲಗತ್ತಿಸಿ ಬರೆದ. ಚೀಟಿಯಲ್ಲಿ ಡಾಕ್ಟರ ಸಹಿ ಇದ್ದುದರಿಂದ ಮೂರನೇ ಲಕ್ಷಣ ಇನ್ನಷ್ಟು ಗಟ್ಟಿಯಾಯಿತು. ಮೂರನೇ ಸಲ ಮಗಳ ಫೋಟೋ ಅಂಟಿಸಿದ. ಸುಳ್ಳು ಸಂದೇಶಗಳಲ್ಲಿ ಮಗುವಿನ ಫೋಟೋ ಇದ್ದೇ ಇರುತ್ತದೆಂದು ಆರನೇ ಲಕ್ಷಣವೊಂದನ್ನು ಸೇರಿಸಲು ಅದು ದಾರಿಯಾಯಿತು. ಜನವರಿಯ ಚಳಿಯಲ್ಲಿ ಕಲಾವತಿ ಮತ್ತೆ ಆಸ್ಪತ್ರೆ ಸೇರಿದಳು. ಈ ಸಲ ಆರು ದಿನ. ಈರಪ್ಪ ರಜೆ ಕೇಳಲಿಲ್ಲ. ರಜಾ ಅರ್ಜಿಯಲ್ಲೂ ಮಗುವಿನ ಕಾಯಿಲೆ ಬರೆಯಬೇಕಾಗುತ್ತಿತ್ತು.

ಏಳನೇ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಜಯದೇವಿ ಅವನನ್ನು ಕಂಪ್ಯೂಟರಿನ ಹತ್ತಿರ ಕರೆದು ಕೂರಿಸಿದಳು. ಡಬ್ಬಿ ಬಿಚ್ಚದೆ ನಾಲ್ಕನೇ ಅರ್ಜಿಯನ್ನು ತಾನೇ ಟೈಪು ಮಾಡಿದಳು. ಮೊದಲ ಭಾಗ ಈರಪ್ಪನದೇ, ಒಂದು ಅಕ್ಷರ ಬದಲಿಸಲಿಲ್ಲ. ಅದರ ಕೆಳಗೆ, ಇಂಥದೇ ಅರ್ಜಿಯನ್ನು ತಡೆಹಿಡಿದ ತುಮಕೂರಿನ ಅಧಿಕಾರಿಯೊಬ್ಬರು ಒಂಬತ್ತನೇ ದಿನ ಅಮಾನತಾದರೆಂದೂ, ಮಂಜೂರು ಮಾಡಿ ಹನ್ನೊಂದು ಕಚೇರಿಗೆ ಕಳಿಸಿದ ಮೈಸೂರಿನ ಅಧಿಕಾರಿಗೆ ನಿವೃತ್ತಿಯ ನಂತರವೂ ಎರಡು ವರ್ಷ ಸೇವೆ ಮುಂದುವರಿಯಿತೆಂದೂ ಸೇರಿಸಿದಳು. ಈರಪ್ಪ ತುಟಿ ಅಲ್ಲಾಡಿಸುತ್ತ ಓದಿಕೊಂಡ. ಅವನ ಮುಖ ಸಣ್ಣದಾಯಿತು.

“ಮೇಡಮ್ಮಾರ, ಸುಳ್ಳು ಬರದ್ರ ನಾಳೆ ತ್ರಾಸ ಆಕ್ಕೈತ್ರಿ.”

“ನಿಜ ಬರೆದಿದ್ದು ಮೂರು ಸಲ ಸುಳ್ಳಾಗಿದೆಯಲ್ಲ ಈರಪ್ಪ. ಇದನ್ನೂ ಒಂದು ಸಲ ನೋಡೋಣ. ಸಹಿ ಹಾಕಿ.”

ಅವನು ಸಹಿ ಹಾಕಿದ. ಅವಳು ಪರಂತುಕದ ಅನ್ವಯವೆಂದು ಗುರುತು ಹಾಕಿ ಕಡತ ಮೇಲಕ್ಕೆ ಕಳಿಸಿದಳು. ಸಿಕ್ಕಿಬಿದ್ದರೆ ಮೊದಲು ಹೋಗುವುದು ತನ್ನ ಕೆಲಸ ಎಂಬುದು ಅವಳಿಗೆ ಗೊತ್ತಿತ್ತು.

ತಿಮ್ಮಯ್ಯನವರು ತುಮಕೂರಿನ ಸಾಲನ್ನು ಮೂರು ಸಲ, ಮೈಸೂರಿನ ಸಾಲನ್ನು ಐದು ಸಲ ಓದಿಸಿದರು. ತುಮಕೂರು ಮೆಕ್ಸಿಕೋದಷ್ಟು ದೂರವಲ್ಲವೆಂದು ಚನ್ನಕೇಶವರಿಗೆ ಹೇಳಿದರಂತೆ. ನಾಲ್ಕು ಗಂಟೆಯೊಳಗೆ ವರ್ಗಾವಣೆ ಆದೇಶ ಸಹಿಯಾಯಿತು. ಅರ್ಜಿ ಸಮೇತ ಅದರ ಪ್ರತಿ ಹನ್ನೊಂದು ಜಿಲ್ಲೆಗಳಿಗೆ ಹೋಯಿತು. ಕಡತದ ಮೇಲೆ, ನಿಯಮದಂತೆ, ‘ಸುಳ್ಳೆಂದು ಗುರುತಿಸಿ ಉಪೇಕ್ಷಿಸಲಾಗಿದೆ’ ಎಂಬ ಸ್ಟಾಂಪೂ ಬಿತ್ತು. ಹನ್ನೊಂದು ಜಿಲ್ಲೆಗಳೂ ಶಾಪಕ್ಕೆ ಹೆದರಿ ತಮ್ಮ ತಮ್ಮ ಕಡೆಯಿಂದ ಈರಪ್ಪನನ್ನು ರಾಣೆಬೆನ್ನೂರಿಗೆ ವರ್ಗಾಯಿಸಿ ಆದೇಶ ಹೊರಡಿಸಿದ್ದರಿಂದ, ಅವನು ಒಟ್ಟು ಹನ್ನೆರಡು ಆದೇಶಗಳೊಡನೆ ಹೋಗಿ ಒಂದೇ ಸ್ಟೂಲಿನ ಮೇಲೆ ಕುಳಿತ. ಮಾರ್ಚಿನಲ್ಲಿ ಹಾಲವ್ವ ಫೋನು ಮಾಡಿ, ಹುಡುಗಿ ಶಾಲೆಗೆ ಓಡಿಕೊಂಡು ಹೋಗುತ್ತಾಳೆ, ತಡೆದರೂ ನಿಲ್ಲುವುದಿಲ್ಲ ಎಂದಳು. ಜಯದೇವಿ ರಿಸೀವರ್ ಇಟ್ಟು ಆ ದಿನದ ಮೂಟೆ ಬಿಚ್ಚಿದಳು.

ಈ ಸಂಗತಿ ಮುಚ್ಚಿಡುವಂಥದ್ದಾಗಿರಲಿಲ್ಲ. ಆದೇಶ ಹನ್ನೊಂದು ಜಿಲ್ಲೆಗೆ ಹೋಗಿತ್ತಲ್ಲ. ಏಪ್ರಿಲಿನಿಂದ ಬರುವ ಅರ್ಜಿಗಳೆಲ್ಲ ಶಾಪ ಸಮೇತ ಬರತೊಡಗಿದವು. ಸೈಕಲ್ ಮುಂಗಡ ಕೇಳಿದವನು ಲಕ್ವದ ಬೆದರಿಕೆ ಹಾಕಿದ್ದ. ಫ್ಯಾನು ರಿಪೇರಿ ಕೋರಿದ ದಾವಣಗೆರೆ ಶಾಖೆಯವರು ಒಂದು ಇಡೀ ವಂಶವನ್ನೇ ನಿರ್ನಾಮ ಮಾಡಿದ್ದರು. ಒಬ್ಬೊಬ್ಬರು ಒಂದೊಂದು ರೀತಿ ಶಪಿಸಿದರೆ ಕಡತಗಳಲ್ಲಿ ಏಕರೂಪತೆ ಇರುವುದಿಲ್ಲವೆಂದು ನಿರ್ದೇಶನಾಲಯವು ಒಂದು ನಮೂನೆಯನ್ನೇ ಅಚ್ಚು ಹಾಕಿಸಿತು. ಅರ್ಜಿದಾರರ ಹೆಸರು, ಕೋರಿಕೆ, ಶಾಪದ ವಿವರ, ಶಾಪ ಯಾರಿಗೆ, ಎಷ್ಟು ದಿನದೊಳಗೆ. ಜನ ಸಾಲಿನಲ್ಲಿ ನಿಂತು ಅದನ್ನು ತುಂಬಿದರು. ಹಿಂದಿನ ನಮೂನೆಗಿಂತ ಇದೇ ಸುಲಭ, ಕೆಲಸ ಬೇಗ ಆಗುತ್ತದೆ ಎಂದು ಎಲ್ಲರೂ ಹೇಳಿದರು. ತಿಮ್ಮಯ್ಯನವರ ಸೇವೆ ಎರಡು ವರ್ಷ ಮುಂದುವರಿಯಿತು.

ಮೇ ತಿಂಗಳಲ್ಲಿ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಜಯದೇವಿಗೆ ಎರಡು ದಿನ ರಜೆ ಬೇಕಾಯಿತು. ಅವಳು ನಮೂನೆ ತೆಗೆದುಕೊಂಡು ಪೆನ್ನಿನ ಹಿಂಬದಿಯನ್ನು ಗಲ್ಲಕ್ಕೆ ಒತ್ತಿ ಒಂದು ನಿಮಿಷ ಯೋಚಿಸಿ, ಶಾಪದ ವಿವರದಲ್ಲಿ ‘ಕಾಲು ಮುರಿತ’ ಎಂದೂ, ಯಾರಿಗೆ ಎಂಬಲ್ಲಿ ‘ರಾಜಾಜಿನಗರದ ಒಬ್ಬ ಅಧೀಕ್ಷಕರಿಗೆ’ ಎಂದೂ ಬರೆದು ಚನ್ನಕೇಶವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಅರ್ಜಿಯನ್ನು ಅವಳ ಕಡೆಗೆ ತಿರುಗಿಸಿ ಕೊನೆಯ ಕಲಮಿನ ಮೇಲೆ ಬೆರಳಿಟ್ಟರು.

“ಎಷ್ಟು ದಿನದೊಳಗೆ ಅಂತ ಬರೆದೇ ಇಲ್ವಲ್ಲಮ್ಮ.”

ಅವಳು ‘ಏಳು’ ಎಂದು ತುಂಬಿದಳು. ಅವರು ಸಹಿ ಮಾಡಿದರು.