ಉಗಿಬಂಡಿಗೆ ಕ್ಯಾಮೆರಾ ಹಿಡಿದು ನಿಂತವಳು

ಉಗಿಬಂಡಿಯ ಫೋಟೊ ತೆಗೆಯುವುದೆಂದರೆ ಮೂರು ತಾಸು ಕಾಯುವುದು, ಹದಿನೈದು ಸೆಕೆಂಡ್ ನೋಡುವುದು, ಮನೆಗೆ ಬಂದು ಒಂದು ವಾರ ನಗೆಪಾಟಲಿಗೆ ಈಡಾಗುವುದು. ಈ ಹನ್ನೆರಡು ವರ್ಷಗಳಲ್ಲಿ ಒಂದು ಸಲವಾದರೂ ನಾನು ಸುಮ್ಮನೆ ಹೋಗಿ, ಸುಮ್ಮನೆ ಫೋಟೊ ತೆಗೆದು, ಸುಮ್ಮನೆ ವಾಪಸ್ ಬಂದದ್ದಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ.

ನಾನು ಹುಬ್ಬಳ್ಳಿಯ ರೈಲ್ವೆ ಕಾಲನಿಯವಳು. ಅಪ್ಪ ಉಗಿ ಎಂಜಿನ್ನಿನ ಡ್ರೈವರ್, ಲೋಂಡಾ ಪ್ಯಾಸೆಂಜರ್ ಓಡಿಸುತ್ತಿದ್ದರು. ಮದುವೆಯಾಗಿ ಸಿಡ್ನಿಗೆ ಬಂದು ಮೂವತ್ತು ವರ್ಷ ದಾಟಿತು. ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ದಿ ಪಾಂಡ್ಸ್‌ನಲ್ಲಿ ಮನೆ. ಜೋಳದ ಹಿಟ್ಟು ಇಲ್ಲಿ ಸಿಗುತ್ತದೆ, ಶೇಂಗಾ ಚಟ್ನಿ ಸಿಗುತ್ತದೆ, ಊರಿಗೆ ಹೋಗಿ ಬಂದವರು ಯಾರಾದರೂ ಧಾರವಾಡ ಫೇಡೆ ತಂದು ಕೊಡುತ್ತಾರೆ. ಸಿಗದೇ ಇದ್ದದ್ದು ಒಂದೇ: ಬಿಸಿ ಎಣ್ಣೆ, ಕಲ್ಲಿದ್ದಲ ಹೊಗೆ, ಒದ್ದೆ ಉಗಿ ಮೂರೂ ಕೂಡಿದ ಒಂದು ವಾಸನೆ.

ಅಪ್ಪ ತೀರಿಕೊಂಡ ವರ್ಷ, ಒಂದು ಶನಿವಾರ ಡ್ಯೂಟಿ ಮುಗಿಸಿ ವೆಸ್ಟ್‌ಮೀಡ್ ಸ್ಟೇಷನ್ನಿನಲ್ಲಿ ನಿಂತಿದ್ದೆ. ಎದುರಿನ ಹಳಿಯ ಮೇಲೆ ಕರೀ ಉಗಿ ಎಂಜಿನ್ನೊಂದು ಎಂಟು ಡಬ್ಬಿ ಎಳೆದುಕೊಂಡು ಕೂಗುತ್ತಾ ಹೋಯಿತು. ಇಲ್ಲಿನ ರೈಲಿನ ಹುಚ್ಚರು ಹಳೆಯ ಎಂಜಿನ್‌ಗಳನ್ನು ರಿಪೇರಿ ಮಾಡಿ ಆಗಾಗ ರಜೆಯ ದಿನ ಓಡಿಸುತ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಪ್ಲಾಟ್‌ಫಾರ್ಮ್ ತುಂಬ ಆ ವಾಸನೆ. ನಾನು ಹತ್ತಬೇಕಾದ ಟ್ರೇನ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನಾನು ಅಲ್ಲೇ ನಿಂತಿದ್ದೆ. ಮರುವಾರ ಕ್ಯಾಮೆರಾ ಕೊಂಡೆ.

ಉಸಿರು ಹಿಡೀರಿ

ಮೊದಲ ಸಲ ಹೋದಾಗ ಹಳಿಯ ಪಕ್ಕದ ಬೇಲಿಗೆ ಆತು ಹತ್ತು ಹನ್ನೆರಡು ಜನ ನಿಂತಿದ್ದರು. ಎಲ್ಲರೂ ಗಂಡಸರು, ಎಲ್ಲರೂ ಎಪ್ಪತ್ತು ದಾಟಿದವರು, ಎಲ್ಲರ ತಲೆಯ ಮೇಲೂ ಅಗಲದ ಹ್ಯಾಟು. ಚೂಡಿದಾರದ ಮೇಲೆ ಜರ್ಕಿನ್ ಹಾಕಿಕೊಂಡು ನಿಂತವಳು ನಾನೊಬ್ಬಳೇ. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರು.

ದೂರದಲ್ಲಿ ಕೂಗು ಕೇಳಿಸಿತು. ಎಲ್ಲರೂ ಕ್ಯಾಮೆರಾ ಎತ್ತಿದರು. ಗಾಬರಿಯಾದಾಗ ಬಾಯಿ ತನಗೆ ಗೊತ್ತಿದ್ದದ್ದನ್ನು ಹೇಳಿಬಿಡುತ್ತದಲ್ಲ, ದಿನಕ್ಕೆ ನಲವತ್ತು ಸಲ ಪೇಶಂಟುಗಳಿಗೆ ಹೇಳುವ ಮಾತು ಇಂಗ್ಲಿಷಿನಲ್ಲಿ ಜೋರಾಗಿ ಹೊರಬಂತು: "ದೊಡ್ಡದಾಗಿ ಉಸಿರು ಎಳೀರಿ. ಹಿಡೀರಿ. ಅಲ್ಲಾಡಬೇಡಿ."

ಆ ವಯಸ್ಸಿನವರೆಲ್ಲ ಒಮ್ಮೆಯಾದರೂ ಎಕ್ಸ್‌ರೇ ತೆಗೆಸಿಕೊಂಡವರೇ. ಅಭ್ಯಾಸ ಬಲದಿಂದ ಎಲ್ಲರೂ ಎದೆ ಉಬ್ಬಿಸಿ ನಿಂತುಬಿಟ್ಟರು. ಅಷ್ಟರಲ್ಲಿ ಸಿಗ್ನಲ್ ಕೆಂಪಾಗಿ ಗಾಡಿ ತಿರುವಿನ ಆಚೆಯೇ ನಿಂತಿತು. ನಾನು ಗಾಡಿಯ ಕಡೆ ನೋಡುತ್ತ ಇವರನ್ನು ಮರೆತೇಬಿಟ್ಟೆ. ಪಕ್ಕದಲ್ಲಿದ್ದ ಎತ್ತರದ ಮುದುಕರೊಬ್ಬರು ಟೊಮೆಟೊ ಥರ ಕೆಂಪಾಗಿ, ಕೊನೆಗೆ ತಡೆಯಲಾರದೆ ನನ್ನ ತೋಳು ತಟ್ಟಿ ಕೇಳಿದರು:

"ಸಿಸ್ಟರ್, ಇನ್ನು ಬಿಡಬಹುದಾ?"

ಸೊಂಟನೋವು

ನಮ್ಮ ಯಜಮಾನರು ಬೆಂಗಳೂರಿನವರು, ಐಟಿಯವರು. ರೈಲು ಅಂದರೆ ಅವರಿಗೆ ಆಫೀಸಿಗೆ ಹೋಗುವ ಮೆಟ್ರೊ, ಅಷ್ಟೇ. ಆದರೂ ಒಂದು ಸಲ ಜೊತೆಗೆ ಬನ್ನಿ ಎಂದು ತಿಂಗಳುಗಟ್ಟಲೆ ದುಂಬಾಲು ಬಿದ್ದಿದ್ದೆ. ನಾನು ನೋಡುವುದನ್ನು ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ ಎನ್ನುವ ಆಸೆ. ಬರುತ್ತೇನೆಂದು ಒಪ್ಪಿಕೊಂಡರು. ಆ ಭಾನುವಾರ ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ.

"ಬ್ಯಾಕ್ ಪೇನ್ ಕಣೇ. ಮೂರು ಗಂಟೆ ನಿಂತ್ಕೊಳ್ಳೋಕೆ ಆಗಲ್ಲ. ನೀನು ಹೋಗ್ಬಾ. ನಾನು ರೆಸ್ಟ್ ಮಾಡ್ತೀನಿ."

ಬಿಸಿನೀರಿನ ಚೀಲ ಕೊಟ್ಟು, ಮಾತ್ರೆ ಪಕ್ಕದಲ್ಲಿಟ್ಟು, ಒಬ್ಬಳೇ ಹೋದೆ. ಸೆವೆನ್ ಹಿಲ್ಸ್ ಹತ್ತಿರ ಒಳ್ಳೇ ಜಾಗ ಸಿಕ್ಕಿತು. ಎರಡೂವರೆ ತಾಸು ಕಾದೆ. ಉಗಿಬಂಡಿ ಬಂತು, ಎಂಥಾ ಬೆಳಕು, ಎಂಥಾ ಹೊಗೆ! ಬಟನ್ ಒತ್ತುವ ಗಳಿಗೆಗೆ ಸರಿಯಾಗಿ, ನನ್ನ ಕಡೆಯ ಹಳಿಯ ಮೇಲೆ ಸಿಟಿಗೆ ಹೋಗುವ ಎಲೆಕ್ಟ್ರಿಕ್ ಟ್ರೇನ್ ಅಡ್ಡ ಬಂದುಬಿಟ್ಟಿತು. ಅದು ದಾಟುವ ಹೊತ್ತಿಗೆ ಉಗಿಬಂಡಿಯ ಬಾಲ ಮಾತ್ರ ಉಳಿದಿತ್ತು.

ಮನೆಗೆ ಬಂದು ಬೇಸರದಿಂದ ಕಂಪ್ಯೂಟರಿಗೆ ಹಾಕಿ ನೋಡಿದೆ. ಎಂಜಿನ್ ಇಲ್ಲ, ಹೊಗೆ ಇಲ್ಲ. ಚಿತ್ರದ ನಟ್ಟನಡುವೆ ಎಲೆಕ್ಟ್ರಿಕ್ ಟ್ರೇನಿನ ಕಿಟಕಿ. ಕಿಟಕಿಯಲ್ಲಿ ನಮ್ಮ ಯಜಮಾನರು. ನೀಲಿ ಕ್ರಿಕೆಟ್ ಜೆರ್ಸಿ, ಎರಡೂ ಕೆನ್ನೆಗೆ ತ್ರಿವರ್ಣ, ಬಾಯಿಯ ಹತ್ತಿರ ಸಮೋಸ.

ಸಂಜೆ ಅವರು ಕೆನ್ನೆ ತೊಳೆದುಕೊಂಡು ಬಂದು "ಹೇಗಿತ್ತು ಫೋಟೊ?" ಅಂದರು. ತೋರಿಸಿದೆ. ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ನಾನೇ ಹೇಳಿದೆ: "ಎದೆಯಿಂದ ಮೇಲೆ ಮಾತ್ರ ಬಂದಿದೆ. ಸೊಂಟದ್ದು ಬೇಕಾದರೆ ನಾಳೆ ಬೇರೆ ತೆಗೆಯೋಣ."

ಅಂದಿನಿಂದ ಅವರು ಪ್ರತಿ ಸಲವೂ ಬರುತ್ತಾರೆ. ಕಾರಿನಲ್ಲೇ ಮಲಗುತ್ತಾರೆ, ಆದರೆ ಬರುತ್ತಾರೆ.

ಕಿಟಕಿಯಲ್ಲಿ ಒಂದು ಕೈ

ಉಸಿರು ಹಿಡಿದು ಕೆಂಪಾಗಿದ್ದ ಆ ಎತ್ತರದ ಮುದುಕರು ಆಮೇಲೆ ನನಗೆ ದೋಸ್ತರಾದರು. ಈಗ ಅವರಿಗೆ ತೊಂಬತ್ತು. ಸಿಡ್ನಿಯದೇ ಬಡಾವಣೆ ಲಿವರ್‌ಪೂಲ್‌ನಲ್ಲಿ ಒಬ್ಬರೇ ಇದ್ದಾರೆ. ಉಗಿಬಂಡಿಗಳು ದಿನನಿತ್ಯ ಓಡುತ್ತಿದ್ದ ಕಾಲದಲ್ಲಿ, ತಮ್ಮ ಹರೆಯದಲ್ಲಿ, ತೆಗೆದ ಸಾವಿರಾರು ಕಪ್ಪುಬಿಳುಪು ಫೋಟೊಗಳು ಅವರ ಹತ್ತಿರ ಬಿಸ್ಕತ್ತಿನ ಡಬ್ಬಿಗಳಲ್ಲಿವೆ. ಜನರಿಂದ ಕಿಕ್ಕಿರಿದ ಪ್ಯಾಸೆಂಜರ್ ಗಾಡಿಗಳು, ಟೊಪ್ಪಿಗೆ ಹಾಕಿದ ಗಂಡಸರು, ಕೈಚೀಲ ಹಿಡಿದ ಹೆಂಗಸರು. ನೋಡುತ್ತ ಕೂತರೆ ಆ ಜನರ ನಡುವೆ ನಮ್ಮ ಕಾಲನಿಯವರು ಯಾರಾದರೂ ಕಂಡಾರು ಅನಿಸುತ್ತದೆ.

ಒಂದು ದಿನ ಪರ್ಸಿನಿಂದ ಒಂದು ಸಣ್ಣ ಫೋಟೊ ತೆಗೆದು ತೋರಿಸಿದರು. ಸ್ಟೇಷನ್ ಬಿಡುತ್ತಿರುವ ಗಾಡಿ. ಒಂದು ಕಿಟಕಿಯಿಂದ ಕೈಯೊಂದು ಹೊರಗೆ ಚಾಚಿದೆ.

"ನನ್ನ ಹೆಂಡತಿ," ಅಂದರು. "ಹನಿಮೂನಿಗೆ ಮೆಲ್ಬರ್ನ್‌ಗೆ ಹೊರಟಿದ್ದೆವು."

ಆ ಕಾಲದಲ್ಲಿ ಇಲ್ಲಿನ ಎರಡು ರಾಜ್ಯಗಳ ಹಳಿಯ ಅಗಲ ಬೇರೆ ಬೇರೆ ಇತ್ತಂತೆ. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವವರು ಗಡಿಯ ಊರಿನಲ್ಲಿ ಇಳಿದು, ಪ್ಲಾಟ್‌ಫಾರ್ಮ್ ದಾಟಿ, ಇನ್ನೊಂದು ಗಾಡಿ ಹತ್ತಬೇಕು. ನಮ್ಮ ಕಡೆ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಿಸುತ್ತಿದ್ದರಲ್ಲ, ಹಾಗೆ. ಬೆಳಗಿನ ಹೊತ್ತು ಇಬ್ಬರೂ ಇಳಿದರು. ಹೊಸ ಹೆಂಡತಿಯನ್ನೂ ಪೆಟ್ಟಿಗೆಗಳನ್ನೂ ಮೆಲ್ಬರ್ನ್ ಗಾಡಿಯಲ್ಲಿ ಕೂಡಿಸಿದ ಇವರು, "ಒಂದೇ ಒಂದು ಫೋಟೊ, ಈಗ ಬಂದೆ," ಎಂದು ಎಂಜಿನ್ನಿನ ಮುಂದೆ ಓಡಿದರು. ಅಂಥ ಎಂಜಿನ್ ಅವರು ಅದುವರೆಗೆ ಕಂಡಿರಲಿಲ್ಲ. ಒಂದು ಹೋಗಿ ಹತ್ತು ಫೋಟೊ ಆಯಿತು. ಇನ್ನೂ ಸ್ವಲ್ಪ ಮುಂದೆ ನಿಂತರೆ ಗಾಡಿ ಹೊರಡುವುದು ಸೊಗಸಾಗಿ ಬರುತ್ತದೆಂದು ಪ್ಲಾಟ್‌ಫಾರ್ಮಿನ ತುದಿಗೇ ಹೋಗಿ ಕಾದರು. ಗಾಡಿ ಹೊರಟಿತು. ಸೊಗಸಾಗಿ ಬಂತು.

"ಕಿಟಕಿಯಿಂದ ಅವಳು ಜೋರಾಗಿ ಕೈ ಬೀಸುತ್ತಿದ್ದಳು," ಅಂದರು. "ಟಾಟಾ ಮಾಡುತ್ತಿದ್ದಾಳೆ ಅಂದುಕೊಂಡು ನಾನೂ ಬೀಸಿದೆ."

ಕೊನೆಯ ಡಬ್ಬಿ ದಾಟಿದ ಮೇಲೆ ತಾನೂ ಅದರಲ್ಲಿ ಇರಬೇಕಾಗಿತ್ತು ಎಂದು ಹೊಳೆಯಿತಂತೆ. ಮುಂದಿನ ಗಾಡಿ ಹಿಡಿದು ಮಧ್ಯಾಹ್ನ ತಲುಪಿದರು. ಆಕೆ ಸ್ಟೇಷನ್ನಿನ ಬೆಂಚಿನ ಮೇಲೆ ಪೆಟ್ಟಿಗೆಗಳ ನಡುವೆ ಕೂತಿದ್ದಳು.

"ಬೈದರಾ?" ಕೇಳಿದೆ.

"ಇಲ್ಲ. ಫೋಟೊ ಚೆನ್ನಾಗಿ ಬಂತಾ ಅಂತ ಕೇಳಿದಳು." ಫೋಟೊ ತಿರುಗಿ ಪರ್ಸಿಗೆ ಸೇರಿಸಿದರು. ಆಕೆ ಹೋಗಿ ಆರು ವರ್ಷವಾಯಿತು. "ನೋಡು, ಈ ಸಲವೂ ನನ್ನನ್ನು ಬಿಟ್ಟು ಮೊದಲೇ ಹೊರಟುಬಿಟ್ಟಳು. ಈ ಸಲ ನನ್ನ ತಪ್ಪೇನೂ ಇರಲಿಲ್ಲ."

ಯಾವ ಕ್ಲಾಸ್ ಎಂಜಿನ್?

ಆ ಹಳೆಯ ಫೋಟೊಗಳನ್ನು ಇಲ್ಲಿನ ನಮ್ಮ ಕನ್ನಡದವರಿಗೂ ತೋರಿಸಬೇಕೆಂದು, ಕನ್ನಡ ಸಂಘದ ರಾಜ್ಯೋತ್ಸವದ ದಿನ ಊಟಕ್ಕೆ ಮೊದಲು ಅರ್ಧ ತಾಸು ಕೇಳಿ ಪಡೆದೆ. ಅವನ್ನು ಸ್ಕ್ಯಾನ್ ಮಾಡಿ ತುಂಬಿದ್ದ ಪೆನ್‌ಡ್ರೈವ್ ಹಾಕಿದೆ. ನಾಲ್ಕು ಎಂಜಿನ್ ಬಂದವು. ಐದನೆಯದಾಗಿ ಪರದೆಯ ಮೇಲೆ ನನ್ನದೇ ಎಡಗಾಲಿನ ಎಕ್ಸ್‌ರೇ, ಹತ್ತು ಅಡಿ ಎತ್ತರ. ಡಾಕ್ಟರಿಗೆ ತೋರಿಸಲೆಂದು ಅದೇ ಪೆನ್‌ಡ್ರೈವಿಗೆ ಹಾಕಿದ್ದು ಮರೆತೇ ಹೋಗಿತ್ತು. ರಿಮೋಟ್ ಕೈಕೊಟ್ಟಿತು. ಮುಂದಿನ ಸಾಲಿನಲ್ಲಿದ್ದ ಬೆಳಗಾವಿಯ ಅಂಕಲ್ ಒಬ್ಬರು ಗಂಭೀರವಾಗಿ ಕೇಳಿದರು:

"ಇದ ಯಾವ ಕ್ಲಾಸ್ ಎಂಜಿನ್ರಿ ಮೇಡಂ?"

"ಎಂಜಿನ್ ಅಲ್ಲರಿ. ನನ್ನ ಮೊಣಕಾಲು."

"ಹೌದನ? ಅದಕ್ಕ ಕೇಳಿದೆ. ಗ್ರೀಸ್ ಹಾಕಿ ಬಾಳ ವರ್ಷ ಆದಂಗ ಕಾಣತೈತಿ."

ಅವ್ವ ಗಾಡಿ ಹತ್ತಿದ್ದು

ಹೋದ ವರ್ಷ ಅವ್ವ ಮೂರು ತಿಂಗಳಿಗೆ ಬಂದಿದ್ದಳು. ಎಂಬತ್ತನಾಲ್ಕು ವರ್ಷ, ಕಣ್ಣು ಕಿವಿ ಎರಡೂ ಚುರುಕು. ಅಪ್ಪ ಹೋದಾಗಿನಿಂದ ಅವ್ವ ರೈಲಿನ ಸುದ್ದಿ ಎತ್ತಿದ್ದೇ ಇಲ್ಲ. ನಾವು ಯಾರಾದರೂ ಎತ್ತಿದರೆ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು. ನಾನು ತೆಗೆದ ಫೋಟೊ ತೋರಿಸಿದರೆ, ಕನ್ನಡಕ ಸಿಗವಲ್ಲದು ಎನ್ನುತ್ತಿದ್ದಳು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ನನ್ನ ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗ, ಊರ ಹೊರಗಿನ ಗುಡ್ಡದಲ್ಲಿ ಓಡುವ ಸಣ್ಣ ಉಗಿಬಂಡಿಗೆ ಹೇಳದೆ ಕೇಳದೆ ಅವ್ವನನ್ನು ಹತ್ತಿಸಿದೆ. ಒಳಗೊಳಗೆ ಹೆದರಿಕೆಯೂ ಇತ್ತು. ಅವ್ವ ಸೆರಗು ಮೂಗಿಗೆ ಸುತ್ತಿಕೊಂಡು ಸೆಟೆದು ಕೂತಳು. ಗಾಡಿ ಹೊರಟಿತು. ಸುತ್ತಲಿನವರೆಲ್ಲ ಕಾಲು ಹೊರಗೆ ಇಳಿಬಿಟ್ಟು, ಸಿಕ್ಕ ಸಿಕ್ಕವರಿಗೆ ಕೈ ಬೀಸುತ್ತಿದ್ದರು.

"ಇವರೆಲ್ಲಾ ಎಲ್ಲಿಗೆ ಹೊಂಟಾರ?"

"ಎಲ್ಲಿಗೂ ಇಲ್ಲವ್ವಾ. ಹೋಗಿ ವಾಪಸ್ ಬರತಾರ."

"ಮತ್ತ ಯಾಕ ಹೊಂಟಾರ?"

"ಗಾಡಿ ನೋಡಾಕ."

"ಗಾಡಿ ಒಳಗ ಕುಂತರ ಗಾಡಿ ಹೆಂಗ ಕಾಣತೈತಿ?"

ಗುಡ್ಡದ ಮೇಲಿನ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದೆವು. ಎಂಜಿನ್ ಹತ್ತಿರ ನನ್ನಂಥವರು ಮೂವತ್ತು ನಲವತ್ತು ಜನ ಕ್ಯಾಮೆರಾ ಹಿಡಿದು ಸಾಲುಗಟ್ಟಿದ್ದರು. ಕೆಂಪು ಗಡ್ಡದ ದೊಡ್ಡ ಆಳು, ಡ್ರೈವರ್, ಎಣ್ಣೆಯ ಕ್ಯಾನ್ ಹಿಡಿದು ಕೆಳಗಿಳಿದ. ನಾನು ಹೋಗಿ ಹೇಳಿದೆ: "ಇವರು ನಮ್ಮ ತಾಯಿ. ಇವರ ಯಜಮಾನರು ಇಂಡಿಯಾದಲ್ಲಿ ಮೂವತ್ತಮೂರು ವರ್ಷ ಉಗಿ ಎಂಜಿನ್ ಓಡಿಸಿದವರು."

ಆತ ಟೊಪ್ಪಿಗೆ ತೆಗೆದು, ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಅವ್ವ ಕೈ ಕುಲುಕಲಿಲ್ಲ. ಆತನ ಅಂಗಿಯ ತೋಳು ಹಿಡಿದಳು. ಮಸಿ, ಎಣ್ಣೆ, ಬೆವರು ಕೂಡಿ ದಪ್ಪಗಾಗಿದ್ದ ಆ ತೋಳನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಮೂಗಿನ ಸೆರಗು ಸರಿಸಿ, ಅದನ್ನು ಮುಖದ ಹತ್ತಿರ ಒಯ್ದಳು. ಬಿಡಲೇ ಇಲ್ಲ. ಡ್ರೈವರ್ ಬಗ್ಗಿ ನಿಂತವನು ಹಾಗೇ ಬಗ್ಗಿಯೇ ನಿಂತಿದ್ದ.

"ಏನು ಹೇಳುತ್ತಿದ್ದಾರೆ?" ಆತ ಮೆಲ್ಲಗೆ ಕೇಳಿದ. ಅವ್ವ ಏನೂ ಹೇಳಿರಲಿಲ್ಲ. ಈಗ ಹೇಳಿದಳು: "ಮೂವತ್ತಮೂರು ವರ್ಷ ಈ ಅಂಗಿ ಒಗದೀನಿ. ಎಂದೂ ಬಿಳೇದಾಗಲಿಲ್ಲ. ಅವರು ಹೋದ ಮ್ಯಾಲ ಕಡೀ ಅಂಗಿ ಒಂದ ಇಟಗೊಂಡಿದ್ದೆ. ಸೊಸಿ ಪಾಪ, ಗೊತ್ತಾಗದ ಮಶೀನಿಗೆ ಹಾಕಿಬಿಟ್ಲು. ಆವತ್ತ ಬಿಳೇದಾತು."

ನಾನು ಅದನ್ನು ಇಂಗ್ಲಿಷಿಗೆ ತರಲು ನೋಡಿದೆ. ಮಶೀನಿನವರೆಗೆ ಬಂದು ಅಲ್ಲೇ ನಿಲ್ಲಿಸಿದೆ. ಆ ಹೊತ್ತಿಗೇ ಎಂಜಿನ್ನಿನಿಂದ ಬುಸ್ಸೆಂದು ಕರ್ರಗಿನ ಹೊಗೆ ಎದ್ದಿತು. ಸಾಲಿನಲ್ಲಿದ್ದವರೆಲ್ಲ "ಆಹಾ!" ಎಂದು ಕ್ಯಾಮೆರಾ ಎತ್ತಿದರು. ಅವ್ವ ತೋಳು ಬಿಟ್ಟು ಗರಕ್ಕನೆ ತಿರುಗಿದಳು.

"ಯಾಂವ ಅಂವ ಫೈರಮನ್? ಹೊಗಿ ಇಷ್ಟ ಕರ್ರಗ ಬಂದರ ಕಲ್ಲಿದ್ದಲಿ ದಂಡ! ನಿಮ್ಮಪ್ಪ ಇದ್ದಿದ್ದರ ಕಿವಿ ಹಿಂಡತಿದ್ರು!"

ಎಂಜಿನ್ನಿನ ಕಿಟಕಿಯಿಂದ ಮಸಿ ಮೆತ್ತಿದ ಮುಖವೊಂದು ಹೊರಗೆ ಬಂತು. ಇಪ್ಪತ್ತೈದರ ಹುಡುಗಿ; ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರಮನ್ ಅವಳೇ. ಅವ್ವ ಒಂದು ಗಳಿಗೆ ದಂಗಾದಳು, ಆದರೆ ಬೈಗುಳ ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ನಾಚಿಕೊಂಡೇ ಅರ್ಥ ಹೇಳಿದೆ. ಹುಡುಗಿ ನಕ್ಕಳು.

"ಅಜ್ಜಿ ಹೇಳಿದ್ದು ಪೂರ್ತಿ ಸರಿ. ಚೆನ್ನಾಗಿ ಬೆಂಕಿ ಹಾಕಿದರೆ ಹೊಗೆ ಬರಬಾರದು. ಆದರೆ ಈ ಫೋಟೊದವರು ಕರೀ ಹೊಗೆ ಬೇಕು ಅಂತ ಕೇಳುತ್ತಾರೆ. ಅವರಿಗೋಸ್ಕರ ಬಿಟ್ಟೆ."

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಸಾಲಾಗಿ ನಿಂತ ನಲವತ್ತು ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಡ್ರೈವರನ ಅಂಗಿ ನೋಡಿದಳು, ಹುಡುಗಿಯ ಅಂಗಿ ನೋಡಿದಳು. ಕೊನೆಗೆ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ನೋಡಿ, ಅದರ ಮೇಲೆ ಬೆರಳಿಟ್ಟಳು.

"ಹಂಗಾರ ನಿಮ್ಮ ಅಂಗಿ ಎಲ್ಲಾ ಬಿಚ್ಚಿ ಈಕೀ ಕೈಯಾಗ ಕೊಡ್ರಿ. ಹೊಗಿ ಬೇಕು ಅಂದಾಕಿನ ಒಗೀಲಿ."

ಇದನ್ನು ಅನುವಾದ ಮಾಡದೆ ನುಂಗಿಬಿಡೋಣ ಅಂದುಕೊಂಡೆ. ಡ್ರೈವರ್ ಬಿಡಲಿಲ್ಲ, "ಹೇಳಿ, ಹೇಳಿ" ಅಂದ. ಹೇಳಿದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಆತ ಮೇಲಿನ ಮೂರು ಗುಂಡಿ ಬಿಚ್ಚಿದ್ದ.